ಫ್ರಿಜ್ಜಿನ ಕಂಪ್ರೆಸರ್ ಒಂದು, ಟ್ಯಾಂಕು ಮೂರು: ದಕ್ಷಿಣ ಕೊಡಗಿನ ಶೆಡ್ಡೊಂದರ ಪ್ರಕರಣ

ಹಳೆ ಫ್ರಿಜ್ಜಿನ ಕಂಪ್ರೆಸರಿನಿಂದ ಗಾಳಿ ತುಂಬುವ ಯಂತ್ರ ಮಾಡಿಕೊಂಡ ಈ ಪ್ರಕರಣದಲ್ಲಿ ಯಾರಿಗೂ ಗಾಯವಾಗಿಲ್ಲ. ಆಗಬಹುದಾಗಿದ್ದ ದಿನ ಒಂದಿತ್ತು, ಅದಕ್ಕೇ ಬರೆಯುತ್ತಿದ್ದೇನೆ. ಮನೆಯವರ ಒಪ್ಪಿಗೆ ಇದೆ. ಊರು, ಮನೆತನ, ಹೆಸರು ಯಾವುದನ್ನೂ ಹೇಳುವುದಿಲ್ಲ. ತೋಟದ ಯಜಮಾನರನ್ನು ಇಲ್ಲಿ ಮಾವ ಎನ್ನುತ್ತೇನೆ, ಅವರ ಅಕ್ಕನ ಮಗನನ್ನು ಹುಡುಗ ಎನ್ನುತ್ತೇನೆ. ನಾನು ಬಹಳ ವರ್ಷ ಫ್ರಿಜ್ಜು, ಎಸಿ ರಿಪೇರಿ ಕಲಿಸಿ ನಿವೃತ್ತನಾದವನು. ಹುಡುಗ ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ಸ್ನೇಹಿತ, ಆ ಸಲಿಗೆಯಲ್ಲಿ ನನ್ನ ಹತ್ತಿರ ಬಂದ.

ಪೊನ್ನಂಪೇಟೆ ಕಡೆಯ ಆರು ಎಕರೆ ರೋಬಸ್ಟಾ ತೋಟ. ಸಿಲ್ವರ್ ಓಕಿಗೆ ಹಬ್ಬಿಸಿದ ಕರಿಮೆಣಸು. ಕಣದ ಪಕ್ಕ ತಗಡಿನ ಶೆಡ್ಡು, ಅದರೊಳಗೆ ಕಳೆ ಹೊಡೆಯುವ ಮಿಷನ್, ಮರ ಕೊಯ್ಯುವ ಚೈನ್ ಸಾ, ಸ್ಪ್ರಿಂಕ್ಲರ್ ಸೆಟ್ಟಿನ ಡೀಸೆಲ್ ಎಂಜಿನ್, ಮೆಣಸು ಬಿಡಿಸುವ ಮಿಷನ್, ಒಂದು ವೈಸು, ಒಂದು ಗ್ರೈಂಡರ್. ಇವೆಲ್ಲಕ್ಕೂ ದಿನಾ ಬೇಕಾಗುವುದು ಗಾಳಿ. ಏರ್ ಫಿಲ್ಟರನ್ನು ಬಾಯಲ್ಲಿ ಊದಿದರೆ ಹೊಟ್ಟು ಕಣ್ಣಿಗೆ ಬರುತ್ತದೆ, ಎಂಜಲು ಫಿಲ್ಟರಿಗೆ ಅಂಟುತ್ತದೆ. ಜೀಪಿನ ಚಕ್ರ ಇಳಿದರೆ ಪಂಕ್ಚರ್ ಅಂಗಡಿ ಒಂಬತ್ತು ಕಿಲೋಮೀಟರ್ ದೂರ. ಹೊಸ ಸಣ್ಣ ಕಂಪ್ರೆಸರ್ ಕೊಳ್ಳುವ ಶಕ್ತಿ ಮಾವನಿಗೆ ಇತ್ತು. ಆದರೆ ಅದರ ಗಲಾಟೆ ಅವರಿಗೆ ಬೇಡವಾಗಿತ್ತು: ಶೆಡ್ಡಿನ ಗೋಡೆಗೆ ತಾಗಿಕೊಂಡೇ ಅವರ ತಾಯಿ ಮಲಗುವ ಕೋಣೆ ಇದೆ. ಹಿಂದಿನ ಜಗಲಿಯಲ್ಲಿ 165 ಲೀಟರಿನ ಒಂದು ಬಾಗಿಲಿನ ಹಳೆ ಫ್ರಿಜ್ಜು ಬೀಜ ಇಡುವ ಕಪಾಟಾಗಿ ನಿಂತಿತ್ತು. ನಮ್ಮ ಕಡೆಯ ಮಳೆಗಾಲ ಫ್ರಿಜ್ಜಿನ ಬೆನ್ನಿನ ಕೊಳವೆಗಳನ್ನು ತಿಂದು ಬಿಡುತ್ತದೆ, ಗ್ಯಾಸೆಲ್ಲ ಯಾವಾಗಲೋ ಸೋರಿಹೋಗಿತ್ತು. "ಕಂಪ್ರೆಸರ್ ಸತ್ತಿಲ್ಲ ಮೇಷ್ಟ್ರೇ, ಸದ್ದೂ ಇಲ್ಲ. ಇದರಿಂದ ಗಾಳಿ ಹೊಡೆಸಬಹುದಲ್ಲ?" ಎಂದ ಹುಡುಗ. ಹೊಡೆಸಬಹುದು ಎಂದೆ.

ಪಂಪಿನ ಪಾಲು

ಫ್ರಿಜ್ಜಿನ ಕಂಪ್ರೆಸರ್ ಎಂದರೆ ಮುಚ್ಚಿದ ಕಬ್ಬಿಣದ ಕುಡಿಕೆ. ಮೋಟಾರು, ಪಿಸ್ಟನ್ನು, ಆಯಿಲ್ ಎಲ್ಲ ಅದರೊಳಗೇ ಇರುತ್ತವೆ. ಹೊರಗೆ ಮೂರು ತಾಮ್ರದ ನಳಿಗೆ ಕಾಣುತ್ತವೆ: ಒಂದು ಎಳೆಯುವುದು, ಒಂದು ತಳ್ಳುವುದು, ಇನ್ನೊಂದು ಗ್ಯಾಸ್ ತುಂಬುವುದಕ್ಕೆ ಬಿಟ್ಟದ್ದು. ತುಂಬುವ ನಳಿಗೆ ಕುಡಿಕೆಯ ಒಳಕ್ಕೇ ತೆರೆದಿರುವುದರಿಂದ ಅದೂ ಎಳೆಯುವ ಬದಿಗೆ ಸೇರಿದ್ದು. ಮೀಟರ್ ಹಿಡಿದು ಮೂರು ಪಿನ್ನುಗಳನ್ನು ನೋಡಿದೆವು. ಕಾಮನ್‌ನಿಂದ ಸ್ಟಾರ್ಟಿಗೆ ಬಂದ ಓಮ್ ಮತ್ತು ಕಾಮನ್‌ನಿಂದ ರನ್ನಿಗೆ ಬಂದ ಓಮ್ ಎರಡನ್ನೂ ಕೂಡಿದರೆ ಸ್ಟಾರ್ಟ್–ರನ್ ನಡುವಿನ ಓಮ್ ಸಿಗಬೇಕು. ಸಿಕ್ಕಿತು. ಪಿನ್ನಿಗೂ ಕುಡಿಕೆಗೂ ನಡುವೆ ಕರೆಂಟು ದಾಟುವುದಿಲ್ಲ ಎಂದು ಖಾತ್ರಿ ಮಾಡಿಕೊಂಡೆವು.

ಕತ್ತರಿಸುವ ಮೊದಲು ಒಳಗಿನ ಗ್ಯಾಸು ಯಾವುದೆಂದು ಬರೆದ ಚೀಟಿ ಓದಿಸಿದೆ. ಆರ್134ಎ ಎಂದಿತ್ತು. ಉರಿಯದ ಗ್ಯಾಸು. ಆದರೂ ಜ್ವಾಲೆ ತಾಗಿದರೆ ಒಡೆದು ಹೈಡ್ರೋಜನ್ ಫ್ಲೋರೈಡ್‌ನಂಥ ವಿಷ ಬಿಡುತ್ತದೆ. ಹೊರಗೆ ಬಿಟ್ಟರೆ ವಾತಾವರಣವನ್ನು 100 ವರ್ಷದ ಲೆಕ್ಕದಲ್ಲಿ ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 1,430 ಪಟ್ಟು ಬಿಸಿ ಮಾಡುತ್ತದೆ. ಗ್ಯಾಸ್ ಉಳಿದಿದ್ದರೆ ಅದನ್ನು ಹೀರಿ ತುಂಬಿಕೊಳ್ಳುವ ಯಂತ್ರ ಇರುವ ಮೆಕ್ಯಾನಿಕ್‌ನನ್ನು ಕರೆಸುತ್ತಿದ್ದೆ. ಇಲ್ಲಿ ಉಳಿದಿರಲಿಲ್ಲ. ನಳಿಗೆಗಳನ್ನು ಗರಗಸದಿಂದ ಕೊಯ್ಯಲಿಲ್ಲ, ತಾಮ್ರದ ಪುಡಿ ಒಳಗೆ ಬಿದ್ದರೆ ವಾಲ್ವಿನ ಎಲೆ ಹಾಳಾಗುತ್ತದೆ. ಪೈಪ್ ಕಟರ್ ಸುತ್ತಿಸಿ ಕತ್ತರಿಸಿದೆವು.

ಕುಡಿಕೆಯನ್ನು ಬಗ್ಗಿಸಿ ಹಳೆ ಆಯಿಲ್ ಅಳತೆಯ ಲೋಟಕ್ಕೆ ಸುರಿದೆವು, 200 ಮಿಲಿಲೀಟರ್ ದಾಟಿತು. ಆರ್134ಎ ಜೊತೆಗೆ ಹಾಕುವ ಆಯಿಲ್ ಗಾಳಿಯ ತೇವವನ್ನು ಹೀರಿಕೊಳ್ಳುವ ಜಾತಿ. ಮುಚ್ಚಿದ ಫ್ರಿಜ್ಜಿನೊಳಗೆ ಅದರಿಂದ ತೊಂದರೆಯಿಲ್ಲ, ಕೊಡಗಿನ ಗಾಳಿ ಎಳೆಯುವಾಗ ತೊಂದರೆಯಿದೆ. ಅಷ್ಟೇ ಅಳತೆಯ ಏರ್ ಕಂಪ್ರೆಸರ್ ಆಯಿಲ್ ಹಾಕಿದೆವು. ಎಳೆಯುವ ನಳಿಗೆಗೆ ಸಣ್ಣ ಫಿಲ್ಟರ್, ತುಂಬುವ ನಳಿಗೆಗೆ ಮುಚ್ಚಳ.

ಮೊದಲ ದಿನ ಹತ್ತೊಂಬತ್ತು ನಿಮಿಷ ಓಡಿ ತಾನೇ ನಿಂತಿತು. ಕುಡಿಕೆಯ ಮೇಲೆ ಕೈ ಇಡಲಾಗಲಿಲ್ಲ. ಮಾವ ಸುಟ್ಟೇ ಹೋಯಿತು ಎಂದುಕೊಂಡರು. ಸುಟ್ಟಿರಲಿಲ್ಲ, ಓವರ್‌ಲೋಡ್ ಎಂಬ ರಕ್ಷಣೆಯ ಸ್ವಿಚ್ಚು ಕಟ್ ಮಾಡಿತ್ತು. ಫ್ರಿಜ್ಜಿನಲ್ಲಿದ್ದಾಗ ಮರಳಿ ಬರುವ ತಣ್ಣನೆಯ ಗ್ಯಾಸೇ ಮೋಟಾರನ್ನು ತಂಪು ಮಾಡುತ್ತಿರುತ್ತದೆ. ಶೆಡ್ಡಿನ ಗಾಳಿಗೆ ಆ ತಂಪಿಲ್ಲ. ಹಳೆ ಕಂಪ್ಯೂಟರಿನ ಫ್ಯಾನೊಂದನ್ನು ಕುಡಿಕೆಯ ಮೇಲೆ ಕಟ್ಟಿದೆವು, ಒಂದು ಸಲಕ್ಕೆ 12 ನಿಮಿಷಕ್ಕಿಂತ ಹೆಚ್ಚು ಓಡಿಸಬಾರದು ಎಂದು ನಿಯಮ ಮಾಡಿಕೊಂಡೆವು.

ಎರಡನೆಯ ತೊಂದರೆ ಮುಂದೆ ಟ್ಯಾಂಕು ಜೋಡಿಸಿದ ಮೇಲೆ ಕಂಡದ್ದು, ಅದು ಹೆಚ್ಚು ಕಾಡಿತು. ಟ್ಯಾಂಕಿನಲ್ಲಿ ಗಾಳಿ ಇರುವಾಗ ಮತ್ತೆ ಸ್ವಿಚ್ ಹಾಕಿದರೆ ಕಂಪ್ರೆಸರ್ ಗುಂಯ್ ಎಂದು ಕೂಗಿ ಕಟ್ಟಾಗುತ್ತಿತ್ತು. ಈ ಮೋಟಾರಿಗೆ ಎದುರು ಒತ್ತಡವನ್ನು ತಳ್ಳಿಕೊಂಡು ಎದ್ದೇಳುವ ತಾಕತ್ತಿಲ್ಲ. ಫ್ರಿಜ್ಜಿನಲ್ಲಿ ನಿಂತ ಕೆಲವು ನಿಮಿಷಗಳಲ್ಲಿ ಎರಡೂ ಬದಿಯ ಒತ್ತಡ ಸಮವಾಗುತ್ತದೆ, ಇಲ್ಲಿ ಆಗುವುದಿಲ್ಲ. ಟ್ಯಾಂಕಿನ ಬಾಯಿಗೆ ಗಾಳಿಯನ್ನು ಹಿಂದಕ್ಕೆ ಬಿಡದ ನಾನ್ ರಿಟರ್ನ್ ವಾಲ್ವ್ ಹಾಕಿ, ಮೋಟಾರು ನಿಂತಾಗ ಕೊಳವೆಯಲ್ಲಿ ಉಳಿದ ಗಾಳಿಯನ್ನು ಪುಸ್ ಎಂದು ಹೊರಬಿಡುವ ಪ್ರೆಷರ್ ಸ್ವಿಚ್ ತಂದ ಮೇಲೆ ಸರಿಹೋಯಿತು. ಮಳೆಗಾಲದಲ್ಲಿ ಕರೆಂಟು ಕ್ಷಣ ಹೋಗಿ ಕ್ಷಣ ಬರುವುದು ನಮ್ಮಲ್ಲಿ ನಿತ್ಯದ ಮಾತು. ಸಂಜೆ ವೋಲ್ಟೇಜೂ ಕುಸಿಯುತ್ತದೆ. ಸ್ಟಾರ್ಟಿಂಗ್ ರಿಲೇ ತಣಿಯುವುದಕ್ಕೂ ಒಂದೆರಡು ನಿಮಿಷ ಬೇಕು. ಇದಕ್ಕೆ ಔಷಧ ಅದೇ ಫ್ರಿಜ್ಜಿನ ಹಿಂದೆ ಧೂಳು ತಿನ್ನುತ್ತಿತ್ತು: ಮೂರು ನಿಮಿಷ ತಡೆದು ಕರೆಂಟು ಬಿಡುವ ಹಳೆಯ ಸ್ಟೆಬಿಲೈಸರ್. ಅದನ್ನು ಕಂಡುಹಿಡಿದು ತಂದಿಟ್ಟದ್ದು ಹುಡುಗ. ನನಗೆ ಹೊಳೆದಿರಲಿಲ್ಲ.

ಇಷ್ಟಾದರೆ ಪಂಪಿನ ಕಥೆ ಹೆಚ್ಚುಕಡಿಮೆ ಮುಗಿಯಿತು. ಹಳೆ ಪಂಪು ತಪ್ಪನ್ನು ತಾಳಿಕೊಳ್ಳುತ್ತದೆ. ಬಿಸಿಯಾಗುತ್ತದೆ, ಕೂಗುತ್ತದೆ, ನಿಲ್ಲುತ್ತದೆ. ಟ್ಯಾಂಕು ಮುನ್ಸೂಚನೆ ಕೊಡುವುದಿಲ್ಲ.

ಅಟ್ಟದ ಮೇಲಿನ ಸಿಲಿಂಡರ್

ಮಾವನ ಮನೆಯ ಅಟ್ಟದಲ್ಲಿ ಅಡುಗೆ ಗ್ಯಾಸಿನ 14.2 ಕೆಜಿಯ ಒಂದು ಖಾಲಿ ಸಿಲಿಂಡರ್ ಇತ್ತು. ತೀರಿಕೊಂಡ ಅವರ ತಂದೆಯ ಹೆಸರಿನದು. ನೋಡಿದವರೆಲ್ಲ ಹೇಳುವುದು ಒಂದೇ: ದಪ್ಪ ಕಬ್ಬಿಣ, 33 ಲೀಟರ್ ಹಿಡಿಯುತ್ತದೆ, ಇದಕ್ಕಿಂತ ಒಳ್ಳೆ ಟ್ಯಾಂಕು ಎಲ್ಲಿ ಸಿಗುತ್ತದೆ? ವೆಲ್ಡರ್ ಕೂಡ "ತಂದುಕೊಡಿ ಅಣ್ಣ, ಅರ್ಧ ಗಂಟೆ ಕೆಲಸ" ಎಂದಿದ್ದ.

ನಾನು ಬೇಡ ಎಂದೆ. ಎರಡು ಕಾರಣ ಕೊಟ್ಟೆ. ಒಂದು, ಅದು ಮಾವನದ್ದೇ ಅಲ್ಲ. ಕನೆಕ್ಷನ್ ತೆಗೆದುಕೊಳ್ಳುವಾಗ ನಾವು ಕಟ್ಟುವುದು ಠೇವಣಿ, ಬೆಲೆಯಲ್ಲ. ಸಿಲಿಂಡರ್ ಕೊನೆಯವರೆಗೂ ತೈಲ ಕಂಪನಿಯ ಸೊತ್ತು. ಅದನ್ನು ತೂತು ಮಾಡುವುದು, ಬೇರೆ ಕೆಲಸಕ್ಕೆ ಬಳಸುವುದು ಕಾನೂನಿಗೆ ವಿರುದ್ಧ. 2000ದ ಎಲ್‌ಪಿಜಿ ಸರಬರಾಜು ಆದೇಶ ಇದೆ, 2016ರ ಗ್ಯಾಸ್ ಸಿಲಿಂಡರ್ ನಿಯಮಗಳಿವೆ, ಆ ನಿಯಮಗಳನ್ನು ನೋಡಿಕೊಳ್ಳುವ ಪೆಸೊ ಸಂಸ್ಥೆಯ ಮುಖ್ಯ ಕಚೇರಿ ನಾಗಪುರದಲ್ಲಿದೆ.

ಎರಡನೆಯದು ಮಾವನ ಮನಸ್ಸಿಗೆ ತಾಗಿದ್ದು. ಖಾಲಿ ಎಂದರೆ ಒಲೆ ಹೊತ್ತಿಸಲಾಗದಷ್ಟು ಖಾಲಿ, ಅಷ್ಟೇ. ಒಳಗೆ ಗ್ಯಾಸಿನ ಆವಿ ಇದ್ದೇ ಇರುತ್ತದೆ. ಗಾಳಿಯಲ್ಲಿ ನೂರಕ್ಕೆ ಎರಡು ಪಾಲಿನ ಆಸುಪಾಸು ಸೇರಿದರೂ ಅದು ಕಿಡಿಗೆ ಹತ್ತುತ್ತದೆ. ವಾಲ್ವು ತೆರೆದು ತಿಂಗಳುಗಟ್ಟಲೆ ಬಿಟ್ಟಿದ್ದರೂ ತುಕ್ಕಿನ ಪದರದಲ್ಲಿ, ತಳದ ಜಿಡ್ಡಿನಲ್ಲಿ ಉಳಿದದ್ದು ವೆಲ್ಡಿಂಗಿನ ಶಾಖಕ್ಕೆ ಮತ್ತೆ ಆವಿಯಾಗಿ ಏಳುತ್ತದೆ. ಅದು ಗಾಳಿಗಿಂತ ಭಾರ, ನೆಲಕ್ಕೆ ಇಳಿದು ನಿಲ್ಲುತ್ತದೆ. ಅಟ್ಟದಿಂದ ಇಳಿಸಿ ವಾಲ್ವಿನ ಹತ್ತಿರ ಮೂಗು ಹಿಡಿಯಿರಿ ಎಂದೆ. ಸೋರಿದರೆ ಗೊತ್ತಾಗಲೆಂದು ಅಡುಗೆ ಗ್ಯಾಸಿಗೆ ಸೇರಿಸುವ ಆ ಮರ್ಕ್ಯಾಪ್ಟನ್ ವಾಸನೆ ಇನ್ನೂ ಇತ್ತು. ಎಂಟು ವರ್ಷ ಅಟ್ಟದಲ್ಲಿ ಕೂತಿದ್ದ ಸಿಲಿಂಡರ್! ಮಾವ ಮರುಮಾತಾಡಲಿಲ್ಲ. ತಂದೆಯ ಹಳೆ ಕಾಗದಗಳ ಕಟ್ಟಿನಲ್ಲಿ ಠೇವಣಿ ಚೀಟಿ ಹುಡುಕಿ, ಸಿಲಿಂಡರನ್ನು ಏಜೆನ್ಸಿಗೆ ಒಪ್ಪಿಸಿ ಬಂದರು.

ಇಲ್ಲಿ ನನ್ನದೊಂದು ತಪ್ಪಿದೆ. ಯಾವುದು ಬೇಡ ಎಂದು ಅರ್ಧ ಗಂಟೆ ಹೇಳಿದೆ, ಯಾವುದು ಬೇಕು ಎಂದು ಐದು ನಿಮಿಷವೂ ಹೇಳಲಿಲ್ಲ. ಮಾರನೆಯ ವಾರ ಮಗಳ ಬಾಣಂತನಕ್ಕೆಂದು ಮೈಸೂರಿಗೆ ಹೋದೆ, ನಾಲ್ಕು ತಿಂಗಳು ಅಲ್ಲೇ ಉಳಿದೆ. ಕೈಯಲ್ಲಿ ಓಡುವ ಪಂಪು ಇಟ್ಟುಕೊಂಡ ಇಪ್ಪತ್ತೆರಡರ ಹುಡುಗ ಟ್ಯಾಂಕಿಗಾಗಿ ನಾಲ್ಕು ತಿಂಗಳು ಕಾಯುವುದಿಲ್ಲ. ಅದು ನನಗೆ ಗೊತ್ತಿರಬೇಕಿತ್ತು.

ನೀಲಿ ಸಿಲಿಂಡರ್

ಪಟ್ಟಣದ ಎಸಿ ಮೆಕ್ಯಾನಿಕ್ ಒಬ್ಬನ ಅಂಗಡಿಯ ಹಿಂದೆ ತಿಳಿನೀಲಿ ಬಣ್ಣದ ಖಾಲಿ ಗ್ಯಾಸ್ ಡಬ್ಬಗಳು ಬಿದ್ದಿದ್ದವು. ಆರ್134ಎ ಬರುವ 13.6 ಕೆಜಿಯ ಸಿಲಿಂಡರ್‌ಗಳು, ಒಂದು ಸಲ ಖಾಲಿಯಾದರೆ ಗುಜರಿಗೆ ಹೋಗುವಂಥವು. ಹುಡುಗ ಒಂದನ್ನು ಕೇಳಿ ತಂದ. ಅದರ ವಾಲ್ವು ತೆರೆದೇ ಇತ್ತು, ಎಷ್ಟು ಮಳೆಗಾಲ ನೆನೆದಿತ್ತೋ ಯಾರಿಗೂ ಗೊತ್ತಿರಲಿಲ್ಲ. ವೆಲ್ಡರ್ ವಾಲ್ವು ಕಿತ್ತು ಮೇಲೊಂದು ನಿಪ್ಪಲ್ (ಕೊಳವೆ ಜೋಡಿಸುವ ತ್ರೆಡ್ಡಿನ ತುಂಡು), ನೀರು ಇಳಿಸಲೆಂದು ತಳದ ಅಂಚಿನಲ್ಲಿ ಇನ್ನೊಂದು ನಿಪ್ಪಲ್ ಬ್ರೇಜ್ ಮಾಡಿಕೊಟ್ಟ, ಅಂದರೆ ಹಿತ್ತಾಳೆಯಂಥ ಲೋಹ ಕರಗಿಸಿ ಬೆಸೆದುಕೊಟ್ಟ.

ಹುಡುಗ ಯೋಚನೆಯಿಲ್ಲದೆ ಮಾಡಿದ ಕೆಲಸವೆಂದು ಯಾರೂ ಅಂದುಕೊಳ್ಳಬಾರದು. ಆಮೇಲೆ ನನ್ನೆದುರು ಲೆಕ್ಕ ಒಪ್ಪಿಸಿದ: ಆರ್134ಎ ಗ್ಯಾಸಿಗೆ 25 ಡಿಗ್ರಿಯಲ್ಲೇ ಚದರ ಇಂಚಿಗೆ 80 ಪೌಂಡ್ ಒತ್ತಡವಿದೆ, ಬಿಸಿಲಿನಲ್ಲಿ ಇನ್ನೂ ಏರುತ್ತದೆ, ಸಿಲಿಂಡರಿನ ಮೇಲೆ 260 ಪೌಂಡ್ ಎಂದು ಬರೆದಿದೆ. ನಾವು ತುಂಬುವುದು 85 ಪೌಂಡ್, ಅಂದರೆ ಚದರ ಸೆಂಟಿಮೀಟರಿಗೆ 6 ಕೆಜಿ. ಎಲ್ಲಿದೆ ಅಪಾಯ?

ಲೆಕ್ಕದ ಅಂಕಿಗಳೆಲ್ಲ ಸರಿ. ಆದರೆ ಆ 260 ಹೊಸ ಕಬ್ಬಿಣಕ್ಕೆ, ಒಣ ಗ್ಯಾಸಿಗೆ, ಒಂದೇ ಒಂದು ತುಂಬುವಿಕೆಗೆ ಕೊಟ್ಟ ಮಾತು. ಮತ್ತೆ ತುಂಬಬಾರದು ಎಂದು ಅದರ ಮೈಮೇಲೆಯೇ ಬರೆದಿರುತ್ತದೆ. ಗೋಡೆಯ ದಪ್ಪ ಒಂದು ಮಿಲಿಮೀಟರಿನ ಆಸುಪಾಸು, ತುಕ್ಕಿಗೆಂದು ಹೆಚ್ಚುವರಿ ದಪ್ಪ ಬಿಟ್ಟಿರುವುದಿಲ್ಲ. ಅಷ್ಟು ತೆಳುವಾದ ತಗಡನ್ನು ಬ್ರೇಜಿಂಗಿಗೆ ಕೆಂಪಗೆ ಕಾಯಿಸಿದ ಮೇಲೆ, ಕಾದ ಜಾಗಕ್ಕೆ ಕಾರ್ಖಾನೆಯ ಅಂಕಿ ಅನ್ವಯಿಸುವುದಿಲ್ಲ.

ಮುಖ್ಯವಾದದ್ದು ನೀರು. ರೆಫ್ರಿಜರೆಂಟಿನಲ್ಲಿ, ಅಂದರೆ ಫ್ರಿಜ್ಜಿಗೆ ತುಂಬುವ ಗ್ಯಾಸಿನಲ್ಲಿ, ತೇವ ಹೆಸರಿಗೂ ಇರುವುದಿಲ್ಲ. ಜುಲೈ ತಿಂಗಳ ಕೊಡಗಿನ ಗಾಳಿಯ ಮಾತು ಬೇರೆ. ಶೆಡ್ಡಿನಲ್ಲಿ 22 ಡಿಗ್ರಿ, ತೇವ 95 ಶೇಕಡಾ ಎಂದಿಟ್ಟುಕೊಳ್ಳಿ, ಒಂದು ಘನ ಮೀಟರ್ ಗಾಳಿಯಲ್ಲಿ 18 ಗ್ರಾಂ ನೀರಿರುತ್ತದೆ. ನಮ್ಮ ಪಂಪು ನಿಮಿಷಕ್ಕೆ ಸುಮಾರು 15 ಲೀಟರ್ ಎಳೆಯುತ್ತಿತ್ತು. ಒಟ್ಟು ಒಂದು ಗಂಟೆ ಓಡಿದರೆ 14 ಗ್ರಾಂ ನೀರು ಟ್ಯಾಂಕಿನ ತಳಕ್ಕೆ ಇಳಿಯುತ್ತದೆ, ಹೆಚ್ಚುಕಡಿಮೆ ಮೂರು ಟೀ ಚಮಚ. ಅದರ ಮೇಲೆ ಏಳು ಪಟ್ಟು ಅದುಮಿದ ಆಮ್ಲಜನಕ. ತುಕ್ಕಿಗೆ ಇದಕ್ಕಿಂತ ಒಳ್ಳೆಯ ಮನೆ ಕಟ್ಟಿಕೊಡಲು ಸಾಧ್ಯವಿಲ್ಲ. ನೀರು ಇಳಿಸುವ ಕಾಕು ಇದ್ದರೂ ಅದನ್ನು ತಳದ ನಡುವಿಗೆ ಇಟ್ಟಿರಲಿಲ್ಲ, ಅಂಚಿನಿಂದ ಒಂದು ಬೆರಳು ಮೇಲೆ ಕೂರಿಸಿದ್ದರು. ಅಷ್ಟು ನೀರು ಯಾವಾಗಲೂ ಒಳಗೇ ನಿಂತಿರುತ್ತಿತ್ತು.

ಮಾರ್ಚಿನಿಂದ ಆಗಸ್ಟಿನವರೆಗೆ ಈ ಟ್ಯಾಂಕು ಕೆಲಸ ಮಾಡಿತು, ಚೆನ್ನಾಗಿಯೇ ಮಾಡಿತು. ಅಕ್ಕಪಕ್ಕದ ತೋಟದವರೂ ಬಂದು ಗಾಳಿ ಹಾಕಿಸಿಕೊಂಡು ಹೋದರು.

ಕಕ್ಕಡದ ಒಂದು ಬೆಳಿಗ್ಗೆ

ಕಕ್ಕಡ ತಿಂಗಳ, ಅಂದರೆ ಜುಲೈ–ಆಗಸ್ಟಿನ ಮಳೆ. ನಾನು ಊರಿಗೆ ಮರಳಿ ಹತ್ತು ದಿನವಾಗಿತ್ತು. ಬೆಳಿಗ್ಗೆ ಏಳಕ್ಕೆ ಹುಡುಗನ ಫೋನು: ತಳದ ನಿಪ್ಪಲಿನ ಪಕ್ಕ ಸಣ್ಣ ಗುಳ್ಳೆ ಬರುತ್ತಿದೆ, ವೆಲ್ಡರ್ ಬಂದಿದ್ದಾನೆ, ಮೇಲೊಂದು ಟಾಕ ಹಾಕಿದರೆ ಸಾಕಂತೆ, ಗಾಳಿ ಖಾಲಿ ಮಾಡಿಯೇ ಹಾಕುವುದಾ, ಸ್ವಲ್ಪ ಇಟ್ಟುಕೊಂಡು ಹಾಕಬಹುದಾ?

ಈ ಪ್ರಕರಣ ತಿರುಗಿದ್ದು ಆ ಪ್ರಶ್ನೆಯಲ್ಲಿ. ಅವನು ಕೇಳದೆ ಇದ್ದಿದ್ದರೆ ಎಂದು ನೆನೆದಾಗ ಈಗಲೂ ನನ್ನ ಕೈ ತಣ್ಣಗಾಗುತ್ತದೆ. ಸ್ವಿಚ್ ತೆಗೆ, ಮೇಲಿನ ಕಾಕು ತೆರೆದು ದೂರ ನಿಲ್ಲು, ನಾನು ಬರುವವರೆಗೆ ಯಾರೂ ಮುಟ್ಟಬೇಡಿ ಎಂದೆ.

ಹೋಗಿ ನೋಡಿದಾಗ ಸೂಜಿಮೊನೆಯಷ್ಟು ರಂಧ್ರ, ಸುತ್ತ ಕೆಂಪು ಕಲೆ. ವೆಲ್ಡರ್ ತನ್ನ ಅನುಭವದಿಂದ ಹೇಳಿದ: "ಇಷ್ಟು ಸಣ್ಣ ತೂತಿಗೆ ಎಂತ ಹೆದರಿಕೆ?" ಅವನಿಗೆ ಎದುರು ವಾದಿಸುವ ಬದಲು ಪರೀಕ್ಷೆ ಮಾಡಿಯೇ ನೋಡೋಣ ಎಂದೆ. ಮಾವ ಪ್ಲಂಬರ್ ಹತ್ತಿರದಿಂದ ಪೈಪು ಲೈನ್ ಪರೀಕ್ಷಿಸುವ ಕೈಪಂಪು ತರಿಸಿದರು. ರಂಧ್ರಕ್ಕೆ ರಬ್ಬರ್ ಪಟ್ಟಿ ಬಿಗಿದೆವು. ಸಿಲಿಂಡರಿಗೆ ಕತ್ತಿನವರೆಗೂ ನೀರು ತುಂಬಿ, ಗುಳ್ಳೆ ಉಳಿಯದಂತೆ ಅಲುಗಾಡಿಸಿ, ಕಣದ ಮೂಲೆಯಲ್ಲಿ ಕಲ್ಲುಕಟ್ಟಡದ ಹಿಂದೆ ಇಟ್ಟು ಒತ್ತಡ ಏರಿಸಿದೆವು.

ನೀರೇ ಏಕೆ ಎಂಬುದನ್ನು ಇಲ್ಲಿ ಬಿಡಿಸಿ ಹೇಳಬೇಕು. ಗಾಳಿ ಸ್ಪ್ರಿಂಗಿನ ಹಾಗೆ, ಅದುಮಿದಷ್ಟೂ ಶಕ್ತಿ ಕೂಡಿಟ್ಟುಕೊಳ್ಳುತ್ತದೆ. 13 ಲೀಟರಿನ ಟ್ಯಾಂಕಿನಲ್ಲಿ 6 ಕೆಜಿ ಒತ್ತಡದ ಗಾಳಿ ಇದ್ದರೆ ಒಳಗೆ ಸುಮಾರು 10 ಕಿಲೋಜೂಲ್ ಕೂತಿರುತ್ತದೆ. 50 ಕೆಜಿ ಕಾಫಿ ಮೂಟೆ 20 ಮೀಟರ್ ಎತ್ತರದ ಸಿಲ್ವರ್ ಓಕಿನ ತುದಿಯಿಂದ ಬಿದ್ದರೆ ಎಷ್ಟೋ ಅಷ್ಟು. ಟ್ಯಾಂಕು ಸೀಳಿದರೆ ಅದೆಲ್ಲ ಕಣ್ಣು ಮಿಟುಕಿಸುವುದರೊಳಗೆ ತಗಡಿನ ಚೂರಿನ ಜೊತೆ ಹೊರಗೆ ಬರುತ್ತದೆ. ನೀರು ಅದುಮಿದರೂ ಕುಗ್ಗುವುದಿಲ್ಲವೆಂದೇ ಹೇಳಬಹುದು, ಹಾಗಾಗಿ ಏನನ್ನೂ ಕೂಡಿಡುವುದಿಲ್ಲ. ಸೀಳಿದರೆ ಒಂದಿಷ್ಟು ನೀರು ಚಿಮ್ಮಿ ಒತ್ತಡ ಸೊನ್ನೆಗೆ ಬೀಳುತ್ತದೆ.

ಗುರಿ ಇಟ್ಟುಕೊಂಡದ್ದು 9 ಕೆಜಿ, ಬಳಸುವ ಒತ್ತಡದ ಒಂದೂವರೆ ಪಟ್ಟು. 5 ಕೆಜಿಗೆ ಏನೂ ಆಗಲಿಲ್ಲ. 6ಕ್ಕೂ ಆಗಲಿಲ್ಲ. ವೆಲ್ಡರ್ ನನ್ನ ಮುಖ ನೋಡಿದ. ಏಳೂವರೆ ಕೆಜಿಗೆ ಟಪ್ ಎಂದು ಸಣ್ಣ ಸದ್ದಾಗಿ ಗೇಜಿನ ಮುಳ್ಳು ಸೊನ್ನೆಗೆ ಬಿತ್ತು. ಬ್ರೇಜಿಂಗಿನ ಅಂಚಿನಲ್ಲಿ ಮೂರು ಸೆಂಟಿಮೀಟರ್ ಸೀಳು, ಅದರಿಂದ ದಾರದಂಥ ನೀರು ಹಾರಿ ಗೋಡೆ ಒದ್ದೆ ಮಾಡಿತು. ಆಗಿದ್ದು ಅಷ್ಟೇ. ಹಿಂದಿನ ದಿನ ಸಂಜೆಯೂ ಅದೇ ಸಿಲಿಂಡರಿನಲ್ಲಿ 6 ಕೆಜಿ ಗಾಳಿ ಇತ್ತು, ಮಾವ ಅದರ ಪಕ್ಕದಲ್ಲೇ ಕೂತು ಚೈನ್ ಸಾದ ಹಲ್ಲು ಮಸೆದಿದ್ದರು.

ಒಳಗೆ ಉರಿಯುವಂಥದ್ದು ಏನೂ ಇಲ್ಲದ ಕಾರಣ ಅದನ್ನು ಅಲ್ಲೇ ಅಡ್ಡಕ್ಕೆ ಕೊಯ್ಸಿದೆ. ಭುಜದ ಹತ್ತಿರ ವರ್ನಿಯರ್ ಹಿಡಿದರೆ ಒಂದು ಮಿಲಿಮೀಟರ್. ತಳದಲ್ಲಿ ಬೆರಳಾಡಿಸಿದರೆ ಕೆಂಪು ಪುಡಿ, ಕೆರೆದ ಮೇಲೆ ಉಳಿದದ್ದು ಅಲ್ಲಲ್ಲಿ ಅರ್ಧ ಮಿಲಿಮೀಟರ್. ವೆಲ್ಡರ್ ಅದನ್ನು ತುಂಬ ಹೊತ್ತು ತಿರುಗಿಸಿ ನೋಡಿದ. ಇಂಥ ಸಿಲಿಂಡರ್‌ಗಳಿಂದ ತಾನು ಮಾಡಿಕೊಟ್ಟ ಟ್ಯಾಂಕು ಇನ್ನೆರಡು ಮನೆಯಲ್ಲಿದೆ ಎಂದ. ಮಧ್ಯಾಹ್ನ ಊಟ ಮುಗಿಸಿ ಅವನೂ ಹುಡುಗನೂ ಬೈಕಿನಲ್ಲಿ ಹೋಗಿ ಎರಡನ್ನೂ ಬಿಚ್ಚಿಸಿ ತಂದರು. ಈ ಇಡೀ ಪ್ರಕರಣದಲ್ಲಿ ನನಗೆ ಅತ್ಯಂತ ಗೌರವ ಮೂಡಿಸಿದ ಕೆಲಸ ಅದು.

ಲಾರಿಯ ಟ್ಯಾಂಕು

ಈ ಸಲ ಬೇಕಾದದ್ದನ್ನು ಮೊದಲೇ ಹೇಳಿದೆ: ಒತ್ತಡದ ಗಾಳಿಯನ್ನು ಪ್ರತಿದಿನ ತುಂಬಿ ಇಳಿಸಲೆಂದೇ ಮಾಡಿದ, ತಳದಲ್ಲಿ ನೀರು ಇಳಿಸುವ ಬಾಯಿ ಇರುವ, ನಾವು ಹೊಸದಾಗಿ ವೆಲ್ಡ್ ಮಾಡಬೇಕಾಗಿಲ್ಲದ ಟ್ಯಾಂಕು. ಇದು ಲಾರಿಯ ಏರ್ ಬ್ರೇಕಿನ ಟ್ಯಾಂಕು. ಅಲ್ಲಿ 8 ಕೆಜಿಯ ಸುತ್ತಮುತ್ತಲಿನ ಒತ್ತಡ ದಿನನಿತ್ಯದ್ದು. ಕುಶಾಲನಗರದ ಗುಜರಿಯಲ್ಲಿ ಒಂದು ರಾಶಿಯೇ ಇತ್ತು.

ಹುಡುಗನ ಕಣ್ಣು 40 ಲೀಟರಿನದರ ಮೇಲೆ. ನಾನು 20 ಲೀಟರ್ ಸಾಕು ಎಂದೆ. 20 ಲೀಟರನ್ನು 6 ಕೆಜಿಗೆ ತುಂಬಲು 120 ಲೀಟರ್ ಗಾಳಿ ತಳ್ಳಬೇಕು, ಒತ್ತಡ ಏರಿದ ಹಾಗೆ ಪಂಪು ಸೋಲುವುದನ್ನೂ ಸೇರಿಸಿದರೆ ಹತ್ತು ನಿಮಿಷ. ನಮ್ಮ 12 ನಿಮಿಷದ ನಿಯಮದೊಳಗೆ ಬರುತ್ತದೆ. 40 ಲೀಟರಿಗೆ ಪ್ರತಿ ಸಲವೂ ಕಂಪ್ರೆಸರ್ ಬೇಯುತ್ತದೆ. ಟ್ಯಾಂಕಿನ ಗಾತ್ರವನ್ನು ಪಂಪು ನಿರ್ಧರಿಸಬೇಕು, ಗುಜರಿಯಲ್ಲಿ ಸಿಕ್ಕ ಅಗ್ಗದ ದರವಲ್ಲ.

ಹತ್ತು ಟ್ಯಾಂಕು ಮಗುಚಿ ನೋಡಿದೆವು. ತಯಾರಕರ ತಗಡಿನ ಚೀಟಿ ಇಲ್ಲದ್ದು ಬೇಡ. ಜಜ್ಜಿದ್ದು ಬೇಡ. ಯಾರೋ ಟಾಕ ಹಾಕಿದ್ದು ಖಂಡಿತ ಬೇಡ. ಉಳಿದ ಮೂರರ ಬಾಯಿಯಿಂದ ಮೊಬೈಲಿನ ಬೆಳಕು ಬಿಟ್ಟು ಇನ್ನೊಂದು ಬಾಯಿಯಿಂದ ಇಣುಕಿದೆವು. ಒಂದರಲ್ಲಿ ಮಾತ್ರ ಒಳಗೋಡೆ ಎಣ್ಣೆಪಸೆಯಿಂದ ಕಪ್ಪಗಿತ್ತು. ಲಾರಿ ಕಂಪ್ರೆಸರಿನ ಆಯಿಲ್ ಪಸೆ ಅದನ್ನು ವರ್ಷಗಟ್ಟಲೆ ಕಾಪಾಡಿತ್ತು. ಅದನ್ನೇ ತೂಕಕ್ಕೆ ಕೊಂಡೆವು. ಮನೆಗೆ ತಂದು ಸೋಪಿನ ನೀರು, ತುಂಡು ಚೈನು ಹಾಕಿ ಉರುಳಿಸಿ ತೊಳೆದು, ನೀರಿನಿಂದ 10 ಕೆಜಿಗೆ ಏರಿಸಿ ಅರ್ಧ ಗಂಟೆ ಬಿಟ್ಟೆವು. ಮುಳ್ಳು ಕದಲಲಿಲ್ಲ.

ಇನ್ನೇನು ಮುಗಿಯಿತು ಎನ್ನುವಾಗ ಮತ್ತೊಂದು ತಪ್ಪಿನ ಅಂಚಿಗೆ ಹೋಗಿ ಬಂದೆವು. ಇದನ್ನು ಓದುವವರಲ್ಲಿ ಅನೇಕರು ಇದೇ ಜಾಗಕ್ಕೆ ಬರುತ್ತೀರಿ. ಲಾರಿ ಟ್ಯಾಂಕಿನ ಬಾಯಿಗೆ 22 ಮಿಲಿಮೀಟರಿನ ಮೆಟ್ರಿಕ್ ತ್ರೆಡ್ಡು. ಹಾರ್ಡ್‌ವೇರ್ ಅಂಗಡಿಯ ಅರ್ಧ ಇಂಚಿನ ನಿಪ್ಪಲಿನ ಹೊರಸುತ್ತು 21 ಮಿಲಿಮೀಟರಿಗೆ ಕೂದಲೆಳೆ ಕಡಿಮೆ, ತ್ರೆಡ್ಡಿನ ಅಂತರವೂ ಬೇರೆ. ಆದರೂ ಅದು ಒಳಗೆ ಹೋಗುತ್ತದೆ. ಎರಡು ಸುತ್ತು ಸಲೀಸಾಗಿ ಹೋಗಿ ಕಚ್ಚಿಕೊಳ್ಳುತ್ತದೆ, ಬಿಗಿಯಾಗಿ ಕೂತಂತೆ ಕಾಣುತ್ತದೆ, ಟೆಫ್ಲಾನ್ ಟೇಪು ಸುತ್ತಿದರೆ ಸೋರುವುದೂ ಇಲ್ಲ. ಹಿಡಿದಿರುವುದು ಮಾತ್ರ ತ್ರೆಡ್ಡಿನ ಎರಡು ತುದಿಗಳು. ಒತ್ತಡದಲ್ಲಿ ಅದು ಬಿಟ್ಟರೆ ನಿಪ್ಪಲು ಗುಂಡಿನ ಹಾಗೆ ಹಾರುತ್ತದೆ. ಹುಡುಗನಿಗೆ ಕೈಯಲ್ಲೇ ಅನುಮಾನ ಬಂತು: "ಮೇಷ್ಟ್ರೇ, ಇದು ತಿರುಗಿದ ರೀತಿ ಸರಿಯಿಲ್ಲ." ಬಿಚ್ಚಿ ಲೇತ್‌ಗೆ ಕೊಟ್ಟು ಒಂದು ಬದಿ ಮೆಟ್ರಿಕ್, ಇನ್ನೊಂದು ಬದಿ ಅರ್ಧ ಇಂಚು ಇರುವ ಅಡಾಪ್ಟರ್ ಮೂರು ಮಾಡಿಸಿದೆವು.

ಸೇಫ್ಟಿ ವಾಲ್ವು, ಪ್ರೆಷರ್ ಸ್ವಿಚ್ಚು, ಗೇಜು, ಹೋಸು ಈ ನಾಲ್ಕನ್ನು ಹಳೆಯದರಲ್ಲಿ ಹುಡುಕಲಿಲ್ಲ, ಹೊಸದೇ ತಂದೆವು. ಸೇಫ್ಟಿ ವಾಲ್ವು 7 ಕೆಜಿಗೆ ತೆರೆಯುವಂಥದ್ದು. ಟ್ಯಾಂಕಿಗೂ ಅದಕ್ಕೂ ನಡುವೆ ಯಾವ ಕಾಕೂ ಇಲ್ಲ. ಕಂಪ್ರೆಸರಿನ ಕುಡಿಕೆಗೆ ಅರ್ಥಿಂಗ್, ಶೆಡ್ಡಿನ ಲೈನಿಗೆ ಕರೆಂಟು ಸೋರಿದರೆ ತಾನೇ ಲೈನ್ ಕಡಿಯುವ 30 ಮಿಲಿ ಆಂಪಿನ ಆರ್‌ಸಿಸಿಬಿ. ಒದ್ದೆ ನೆಲದ ಶೆಡ್ಡಿನಲ್ಲಿ ಟ್ಯಾಂಕಿಗಿಂತ ಮೊದಲು ಕೊಲ್ಲುವುದು ಕರೆಂಟು. ಆಯುಧ ಪೂಜೆಯ ದಿನ ಕೋವಿ, ಕತ್ತಿಗಳ ಸಾಲಿನ ಕೊನೆಗೆ ಇದಕ್ಕೂ ಹೂ ಮುಡಿಸಿದರು.

ನಂತರದ ಎರಡು ಸಂಗತಿ

ಆ ಕೊಯ್ಲಿನಲ್ಲಿ ಹುಡುಗ ಒಂದು ದಿನ ಬ್ಲೋ ಗನ್ನಿನಿಂದ ಮೆಣಸಿನ ರಾಶಿಯ ಹೊಟ್ಟು ಹಾರಿಸಿದ. ಕೆಲಸ ಚುರುಕಾಯಿತು. ಅಜ್ಜಿ ಒಂದು ಹಿಡಿ ಮೂಸಿ "ಇದಕ್ಕೆ ಮಿಷನ್ ವಾಸನೆ" ಎಂದರು. ಅವರೇ ಸರಿ. ಈ ಪಂಪು ಆಯಿಲ್ಲಿನ ಮಂಜನ್ನು ಗಾಳಿಯ ಜೊತೆ ಕಳಿಸುತ್ತಲೇ ಇರುತ್ತದೆ. ತಾಮ್ರದ ಸುರುಳಿ, ಆಯಿಲ್ ಹಿಡಿಯುವ ಬಾಟಲಿ ಇಟ್ಟರೂ ಪೂರ್ತಿ ನಿಲ್ಲುವುದಿಲ್ಲ. ಕಾಫಿ, ಮೆಣಸು, ಏಲಕ್ಕಿ ಯಾವುದರ ಹತ್ತಿರವೂ ಇದನ್ನು ತರಬಾರದು, ಉಸಿರಾಟದ ಮುಖವಾಡಕ್ಕಂತೂ ಯೋಚಿಸಲೂ ಬಾರದು. ಆ ರಾಶಿಯನ್ನು ಮಾವ ಬೇರೆ ಇಟ್ಟರು, ಮಾರಲಿಲ್ಲ. ಹಾಗೇ ಆರು ತಿಂಗಳಿಗೊಮ್ಮೆ ಕುಡಿಕೆಯ ಆಯಿಲ್ ಅಳೆದು ತುಂಬಬೇಕಾಗುತ್ತದೆ.

ಎರಡನೆಯದು ನೆರೆಮನೆಯ ಫ್ರಿಜ್ಜು. ಎರಡು ಕಂಪ್ರೆಸರ್ ಜೋಡಿಸಿದರೆ ಬೇಗ ತುಂಬುತ್ತದೆ ಎಂದು ಹುಡುಗ ಅದನ್ನು ತಂದ. ಕತ್ತರಿಸುವ ಮೊದಲು ತಾನಾಗಿ ಚೀಟಿ ಓದಿದ. ಆರ್600ಎ, ಪಕ್ಕದಲ್ಲಿ ಬೆಂಕಿಯ ಗುರುತು. ಈಚಿನ ಮನೆ ಫ್ರಿಜ್ಜುಗಳಲ್ಲಿ ಬಹಳಷ್ಟಕ್ಕೆ ಇದೇ ಗ್ಯಾಸು. ಐಸೊಬ್ಯುಟೇನ್, ಅಡುಗೆ ಗ್ಯಾಸಿನ ಅಣ್ಣತಮ್ಮಂದಿರ ಪೈಕಿ. ಫ್ರಿಜ್ಜಿನಲ್ಲಿ ಇರುವುದು ಕೆಲವು ಹತ್ತು ಗ್ರಾಂ ಮಾತ್ರ, ಆದರೆ ಆಯಿಲ್ಲಿನಲ್ಲಿ ಕರಗಿ ಕೂತದ್ದು ನಳಿಗೆ ಕತ್ತರಿಸಿದ ಮೇಲೂ ಗಂಟೆಗಟ್ಟಲೆ ಏಳುತ್ತಿರುತ್ತದೆ. ಹಳೆ ಅಭ್ಯಾಸದಂತೆ ಬೆಸುಗೆಯ ಜಾಗಕ್ಕೆ ಟಾರ್ಚ್ ಹಿಡಿದಿದ್ದರೆ ನಳಿಗೆಯ ಬಾಯಲ್ಲೇ ಜ್ವಾಲೆ ಏಳುತ್ತಿತ್ತು. ಹುಡುಗ ಫೋನು ಮಾಡಿ ಹೇಳಿದ್ದು ಇಷ್ಟು: "ಶೆಡ್ಡಿನಿಂದ ಕಣಕ್ಕೆ ಸಾಗಿಸಿದ್ದೇನೆ ಮೇಷ್ಟ್ರೇ, ಮೆಕ್ಯಾನಿಕ್ ಬಂದು ಗ್ಯಾಸ್ ತೆಗೆಯಲಿ, ಅಲ್ಲಿಯವರೆಗೆ ಮುಟ್ಟುವುದಿಲ್ಲ." ಆ ಕಂಪ್ರೆಸರ್ ಈಗ ಬೇರೆ ಕೆಲಸ ಮಾಡುತ್ತದೆ. ಅದರ ಎಳೆಯುವ ಬದಿಗೆ ದಪ್ಪ ಗಾಜಿನ ಜಾಡಿ ಸೇರಿಸಿ, ಡೀಸೆಲ್ ಎಂಜಿನಿನ ಹಳೆ ಆಯಿಲ್ ಹೀರಿ ತೆಗೆಯುತ್ತಾರೆ. ಜಾಡಿಗೆ ಗೋಣಿ ಸುತ್ತಿದ್ದಾರೆ, ಒಳಮುಖವಾಗಿ ಒಡೆದರೂ ಚೂರು ಹಾರದಿರಲಿ ಎಂದು. ಪೆಟ್ರೋಲಿಗೆ ಅದನ್ನು ಬಳಸುವುದಿಲ್ಲ.

ಮೂರನೆಯ ಟ್ಯಾಂಕಿಗೆ ಈಗ ಎರಡು ವರ್ಷ ದಾಟಿದೆ. ಶೆಡ್ಡಿನ ಬಾಗಿಲ ಒಳಬದಿಯಲ್ಲಿ ಸೀಮೆಸುಣ್ಣದ ಸಾಲುಗಳಿವೆ, ಮಳೆಗಾಲದಲ್ಲಿ ಪ್ರತಿದಿನ, ಬೇಸಿಗೆಯಲ್ಲಿ ವಾರಕ್ಕೊಮ್ಮೆ ನೀರು ಇಳಿಸಿದ ಲೆಕ್ಕ. ಕೊಯ್ದ ನೀಲಿ ಸಿಲಿಂಡರಿನ ತಳ ಅದೇ ಬಾಗಿಲಿಗೆ ತೂಗುತ್ತದೆ. ಕೊಯ್ಲು ಮುಗಿದು, ಕಾಫಿ ಹೂ ಅರಳಿಸುವ ಹೂ ಮಳೆಗೆ ಕಾಯುವ ದಿನಗಳಲ್ಲಿ ವರ್ಷಕ್ಕೊಮ್ಮೆ ನೀರಿನ ಪರೀಕ್ಷೆ ಮಾಡುತ್ತೇವೆ. ಈ ವರ್ಷವೂ 10 ಕೆಜಿಯಲ್ಲಿ ಅರ್ಧ ಗಂಟೆ ಮುಳ್ಳು ನಿಂತಿತು. ಆದರೆ ಖಾಲಿ ಮಾಡುವಾಗ ಬಂದ ನೀರು ಕಳೆದ ವರ್ಷಕ್ಕಿಂತ ಕೆಂಪಗಿತ್ತು. ಮಾವ ಒಂದು ಲೋಟದಲ್ಲಿ ಹಿಡಿದು ಬೆಳಕಿಗೆ ನೋಡಿದರು. ಮುಂದಿನ ಪರೀಕ್ಷೆಯನ್ನು ವರ್ಷ ಕಾಯದೆ ಆರು ತಿಂಗಳಿಗೇ ಇಟ್ಟುಕೊಂಡಿದ್ದೇವೆ, ಹುಡುಗ ಕುಶಾಲನಗರದ ಗುಜರಿಯವರಿಗೆ ಇನ್ನೊಂದು 20 ಲೀಟರಿನ ಟ್ಯಾಂಕು ಎತ್ತಿಡಲು ಹೇಳಿ ಬಂದಿದ್ದಾನೆ.